ಬಳೆಗಾರ್ತಿ ಅಳೆದ ಮರ

ಅವತ್ತು ಕಾಡಿನಲ್ಲಿ ಬಳೆಗಾರ್ತಿ ಸೋತಳು. ಅವಳ ಕಣ್ಣು ಕೆಟ್ಟಿರಲಿಲ್ಲ, ಮರ ಅಷ್ಟು ದಪ್ಪ ಇತ್ತು.

ಇಳಕಲ್ಲಿನ ನಮ್ಮ ಓಣಿಯ ತುದಿಗೆ ಅವಳ ಅಂಗಡಿ. ನಾವು ಕೈ ಚಾಚುವ ಮೊದಲೇ ಬಳೆಯ ಅಳತೆ ಹೇಳಿಬಿಡುವಳು. ಯಾರು ಬಂದು ಕೂತರೂ ಬೆರಳು ಹಿಚುಕುತ್ತ, "ಕೈ ಸಡ್ಲ ಬಿಡ್ರಿ, ಬಳಿ ತಾನ ಹೋಗ್ತದ" ಅನ್ನುವಳು.

ಓಣಿಯ ಹೆಂಗಸರೆಲ್ಲ ಗಾಡಿ ಮಾಡಿಕೊಂಡು ಅಣಶಿಯ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆವು. ಕಾಲುದಾರಿಯಲ್ಲಿ ಒಂದು ಮರ ಬಂತು. ಅದರ ತುದಿ ನೋಡಲು ಹೋಗಿ ನನ್ನ ತಲೆ ಮೇಲಿನ ಸೆರಗು ಜಾರಿತು. ಬಳೆಗಾರ್ತಿ ಒಂದು ಕಣ್ಣು ಮುಚ್ಚಿ ನೋಡಿ, "ನಾಕ ಮಂದಿ ತೆಕ್ಕಿ ಸಾಕು" ಅಂದಳು.

ನಾಲ್ವರು ಕೈಕೈ ಹಿಡಿದು ಮರವನ್ನು ತಬ್ಬಿದೆವು. ಸುತ್ತು ಕೂಡಲಿಲ್ಲ. "ಕೈ ಸಡ್ಲ ಬಿಡ್ರಿ" ಅನ್ನುತ್ತ ಅವಳು ಸುತ್ತಲೂ ಓಡಾಡಿದಳು. ಐದನೆಯವಳು ಸೇರಿದರೂ ಆಗಲಿಲ್ಲ. ಕೊನೆಗೆ ಬಳೆಗಾರ್ತಿಯೇ ಬಂದು ಕೈ ಕೊಟ್ಟ ಮೇಲೆ ಸುತ್ತು ಮುಗಿಯಿತು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವಳು ನಗಲಿಲ್ಲ.

ವಾಪಸು ಬರುವಾಗ ಗಾಡಿಯಲ್ಲಿ ನನ್ನ ಪಕ್ಕ ಕೂತು, "ಕಣ್ಣಾಗಿನ ಅಳತಿ ಹೋತವಾ. ನಾಳಿಂದ ಅಂಗಡಿ ಸೊಸಿಗೆ ಬಿಡ್ತೇನಿ" ಅಂದಳು.

"ಮರ ಏನ ನಿನ್ನ ಅಂಗಡಿಗೆ ಬಳಿ ಇಡಿಸ್ಕೊಳ್ಳಾಕ ಬರ್ತದೇನ? ಸುಮ್ನ ಕುಂದರು" ಅಂದೆ.

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ನನ್ನ ಇಬ್ಬರು ಸೊಸೆಯಂದಿರನ್ನೂ ಕರೆದೊಯ್ದು ಬಳೆಗಾರ್ತಿಯ ಎದುರು ಕೂಡಿಸಿದೆ. ಅವಳ ಸೊಸೆ ಬಳೆ ಪೆಟ್ಟಿಗೆಗೆ ಕೈ ಹಾಕಿದಾಗ, "ನೀ ಒಳಗ ಹೋಗಿ ಚಾ ಮಾಡವಾ" ಅಂದೆ.