ಚೆಂಡಿನ ಅಡಿಕೆ

ನಮ್ಮಪ್ಪನ ಮೇಲೆ ಚನ್ನಗಿರಿಯ ಅರ್ಧ ಊರಿಗೆ ಅನುಮಾನವಿತ್ತು. ಉಳಿದರ್ಧ ಊರಿಗೆ ಫುಟ್‌ಬಾಲ್ ಅಂದರೇನೆಂದೇ ಗೊತ್ತಿರಲಿಲ್ಲ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ ಅದು. ಸೀಮೆಎಣ್ಣೆಗೆ ಪರದಾಟ, ಬಟ್ಟೆಗೆ ಪರದಾಟ. ಅಂಥದರಲ್ಲಿ ನಮ್ಮ ಬೀದಿಯ ಗಂಡಸರು ಕಟ್ಟೆಯ ಮೇಲೆ ಕೂತು ಸಾಹುಕಾರ, ಅಂದರೆ ನಮ್ಮಪ್ಪ, ಟೀಮನ್ನು ಏನು ಮಾಡುತ್ತಾನೋ ಅಂತ ತಲೆ ಕೆಡಿಸಿಕೊಳ್ಳುತ್ತಿದ್ದರು.

ಅಪ್ಪ ಅಡಿಕೆ ಮಂಡಿ ಇಟ್ಟಿದ್ದ. ಮನೆಯ ಮುಂಭಾಗ ಮಂಡಿ, ಹಿಂಭಾಗ ನಾವು. ಫುಟ್‌ಬಾಲ್ ತಂಡವನ್ನು ಕಟ್ಟಿದವನು ಅವನಲ್ಲ, ಶಾಲೆಯ ಮೇಷ್ಟರೊಬ್ಬರು. ಅವರಿಗೆ ವರ್ಗವಾದಾಗ ಚೆಂಡನ್ನು ನಮ್ಮ ಮಂಡಿಯಲ್ಲಿಟ್ಟು ಹೋದರು, ಚೆಂಡಿನ ಹಿಂದೆ ಆಟಗಾರರೂ ಬಂದರು. ಖರ್ಚಿಗೆಂದು ಅಪ್ಪ ಒಂದು ಪದ್ಧತಿ ಹಾಕಿದ. ಕೆರೆಬಿಳಚಿಯವರಾಗಲಿ ಸೂಳೆಕೆರೆ ಕಡೆಯವರಾಗಲಿ, ಅಡಿಕೆ ತೂಗಿಸಿದವರು ಚೀಲಕ್ಕೊಂದು ಹಿಡಿ ತೆಗೆದು ತಕ್ಕಡಿಯ ಪಕ್ಕದ ಬುಟ್ಟಿಗೆ ಹಾಕಬೇಕು. ಅದಕ್ಕೆ ಚೆಂಡಿನ ಅಡಿಕೆ ಅಂತ ಹೆಸರು. ಅಡಿಕೆ ಬೆಳೆಯದ ಮುಸಲ್ಮಾನರ ಕೇರಿಯವರು ಅದೇ ಬುಟ್ಟಿಗೆ ಕಾಸು ಹಾಕುತ್ತಿದ್ದರು. ಅಪ್ಪ ತಂಡವನ್ನು ತನ್ನ ಟೀಮು ಅನ್ನುತ್ತಿದ್ದ. ಬುಟ್ಟಿಗೆ ಕೈ ಹಾಕಿದ ಪ್ರತಿಯೊಬ್ಬನೂ ತನ್ನ ಟೀಮು ಅನ್ನುತ್ತಿದ್ದ. ಗೆಲ್ಲುವಷ್ಟು ದಿನ ಯಾರೂ ಈ ವಿಷಯಕ್ಕೆ ಜಗಳ ತೆಗೆಯಲಿಲ್ಲ.

ನಾವು ಹೆಣ್ಣುಮಕ್ಕಳು ಆಟದ ಬಯಲಿಗೆ ಹೋಗುವಂತಿರಲಿಲ್ಲ. ನಾನು ಮಾಳಿಗೆ ಹತ್ತಿ ನಿಂತು, ಬರೀ ಗದ್ದಲ ಕೇಳಿಯೇ ಗೋಲು ಯಾರದೆಂದು ಅವ್ವನಿಗೆ ಕೂಗಿ ಹೇಳುತ್ತಿದ್ದೆ. ನಮ್ಮವರು ಗೆದ್ದ ದಿನ ಅಪ್ಪ ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದ. ಸೋತ ದಿನ ಅವನ ಹತ್ತಿರ ಸುಳಿದರೆ ಕೇಳಿ!

ಅನುಮಾನ ಶುರುವಾದದ್ದು ನನ್ನ ಮದುವೆಯ ಮಾತಿನಿಂದ. ಹೊನ್ನಾಳಿಯ ಬಸ್ ಮಾಲೀಕರೊಬ್ಬರ ಮಗನಿಗೆ ನನ್ನನ್ನು ಕೇಳಿದ್ದರು. ಆ ಮಾಲೀಕರಿಗೂ ಒಂದು ತಂಡವಿತ್ತು, ನಮ್ಮೆದುರು ಸೋತು ಸೋತು ಸಾಕಾಗಿದ್ದ ತಂಡ. ಸುದ್ದಿ ಹಬ್ಬಿದ ವಾರವೇ ಕಲಾಯಿ ಹಾಕುವ ಚಾಚಾ ನಮ್ಮ ಹಿತ್ತಲಿಗೆ ಬಂದ. ಅವನ ಮಗ ನಮ್ಮ ತಂಡದ ಗೋಲ್‌ಕೀಪರು. ಅರ್ಧ ಪಾತ್ರೆಗೂ ಕಲಾಯಿ ಆಗಿರಲಿಲ್ಲ, ಚಾಚಾ ಬಾಯಿ ಬಿಟ್ಟ.

“ಅಮ್ಮಾರೆ, ಹೊನ್ನಾಳಿಯೋರು ಏನು ಕೇಳ್ಯಾರೆ? ಬಂಗಾರಾನೋ, ಟೀಮೋ?”

“ಏನು ಮಾತು ಅಂತ ಆಡ್ತೀರಿ!” ಅಂದಳು ಅವ್ವ. “ಟೀಮೇನು ಎಮ್ಮೆನಾ, ಹಗ್ಗ ಬಿಚ್ಚಿ ಕೊಡಾಕೆ?”

“ನ್ಯಾಮತಿ ಮ್ಯಾಚಿನಾಗೆ ಆ ಬಸ್ಸಿನೋರು ಎಲ್ರ ಮುಂದೆ ಹೇಳ್ಯಾರಂತ್ರೀ, ಚನ್ನಗಿರಿ ಹುಡುಗ್ರು ಮುಂದಿನ ವರ್ಷ ನಮ್ಮ ಅಂಗಿ ಹಾಕ್ತಾರೆ ಅಂತ. ದೀಪಾವಳಿಗೆ ಎಲ್ರಿಗೂ ಬೂಟು ಕೊಡಿಸಿದ್ರಲ್ಲ ಸಾವ್ಕಾರ್ರು, ಯಾಕೆ? ಸಂತೆಗೆ ಹೊಡಿಯೋ ಎತ್ತಿಗೆ ಮೈ ತೊಳಿಯಲ್ವಾ, ಹಂಗೆ.”

ಅವ್ವ ಬೈದು ಅವನ ಬಾಯಿ ಮುಚ್ಚಿಸಿದಳು. ನನ್ನ ಕಿವಿ ಮಾತ್ರ ನೆಟ್ಟಗಾಯಿತು. ಜಗಳೂರಿನ ಕಲ್ಲುನೆಲದಲ್ಲಿ ಬರಿಗಾಲಲ್ಲಿ ಆಡಿ ಹುಡುಗರ ಕಾಲು ರಕ್ತವಾಗಿತ್ತು, ಅದಕ್ಕೇ ಬೂಟು ಅಂದಿದ್ದ ಅಪ್ಪ. ಆದರೆ ಜಗಳೂರಿಗೆ ಇವರು ಹಿಂದೆಂದೂ ಹೋಗಿರಲಿಲ್ಲವೇ? ರಕ್ತ ಆ ವರ್ಷವೇ ಹೊಸದಾಗಿ ಬಂತೇ? ಅವತ್ತಿನಿಂದ ನಾನು ಅಪ್ಪನ ಮೇಲೆ ಒಂದು ಕಣ್ಣಿಟ್ಟೆ.

ಹೊನ್ನಾಳಿಯವರು ಹೆಣ್ಣು ನೋಡಲು ಬಂದರು. ಹುಡುಗ ತಲೆ ಎತ್ತಲಿಲ್ಲ, ಪಾಪ. ಅವನಪ್ಪ ನನ್ನ ಮುಖ ಒಮ್ಮೆ ನೋಡಿ, ಅವಲಕ್ಕಿ ತಟ್ಟೆ ತೆಗೆದುಕೊಂಡು, ನಮ್ಮ ಗೋಲ್‌ಕೀಪರ್ ಎಷ್ಟು ಎತ್ತರ ಅಂತ ಕೇಳಿದರು. ನನ್ನ ಮೈಯೆಲ್ಲ ಉರಿದುಹೋಯಿತು. ಬಾಗಿಲ ಹಿಂದೆ ಹೋಗಿ ನಿಂತು ಕೇಳಿಸಿಕೊಂಡೆ.

“ಟೀಮು ನಮಗೆ ಬಿಟ್ಟುಬಿಡ್ರಿ. ಹುಡುಗ್ರಿಗೆ ನಮ್ಮ ಬಸ್ಸಿನಾಗೆ ಕೆಲಸ ಕೊಡ್ತೀನಿ. ಬಂಗಾರದ ಮಾತು ಸಡ್ಲ ಮಾಡಾನ.”

ಇಲ್ಲ ಅನ್ನುತ್ತಾನೆಂದು ಕಾದೆ. “ನೋಡಾನ್ರಿ” ಅಂದ ಅಪ್ಪ. ಅಡಿಕೆಗೆ ದರ ಕೇಳಿದವರಿಗೂ ಅವನು ಹಾಗೆಯೇ ಅನ್ನುತ್ತಿದ್ದ.

“ಇಲ್ಲಾಂದ್ರೆ ಬಂಗಾರ ತೋರಿಸ್ರಿ” ಅಂದರು ಅವರು, ನಗುತ್ತಲೇ.

ಅವ್ವನಿಗೆ ರೋಷ ಬಂತು. “ನಮ್ಮತ್ತೆಯವರ ಡಾಬು ಐತೆ, ತರ್ತೀನಿ ತಡೀರಿ” ಅಂತ ಒಳಗೆ ಹೋದಳು. ಅದು ಅಜ್ಜಿಯ ಬಂಗಾರದ ಸೊಂಟಪಟ್ಟಿ, ನನ್ನ ಮದುವೆಗೆಂದೇ ಎತ್ತಿಟ್ಟದ್ದು. ಅಪ್ಪ ಅರ್ಧ ಎದ್ದವನು ಹಾಗೆಯೇ ಕೂತ. ಒಳಗೆ ಪೆಟ್ಟಿಗೆ ತೆಗೆದ ಸದ್ದಾಯಿತು, ಸೀರೆಗಳನ್ನು ಎಳೆದು ಹಾಕಿದ ಸದ್ದಾಯಿತು. ಅವ್ವ ಬರಿಗೈಯಲ್ಲಿ ಬಂದಳು. ಹೊನ್ನಾಳಿಯವರು ಕಾಗದ ಬರೀತೀವಿ ಅಂತ ಹೇಳಿ ಬಸ್ಸು ಹತ್ತಿದರು.

“ಪಾಲೀಷಿಗೆ ಕೊಟ್ಟೀನಿ” ಅಂದ ಅಪ್ಪ. ಯಾರ ಹತ್ತಿರ ಅಂದರೆ ದಾವಣಗೆರೆ ಅಂದ, ಯಾವಾಗ ಅಂದರೆ ಮೊನ್ನೆ ಅಂದ. ಮೊನ್ನೆ ಅವನು ಮಂಡಿ ಬಿಟ್ಟು ಎದ್ದೇ ಇರಲಿಲ್ಲ. ಅವ್ವ ನೆಲ ಸಾರಿಸುವವಳ ಮೇಲೆ, ಆಮೇಲೆ ತನ್ನ ತಮ್ಮನ ಮೇಲೆ, ಕೊನೆಗೆ ಬೆಕ್ಕಿನ ಮೇಲೂ ಅನುಮಾನಪಟ್ಟಳು. ನನಗೆ ಅಪ್ಪನನ್ನು ಬಿಟ್ಟು ಬೇರೆ ಯಾರ ಮೇಲೂ ಅನುಮಾನ ಬರಲಿಲ್ಲ. ಇಸ್ಪೀಟು ಹಿಡಿದನೇ? ಶಿವಮೊಗ್ಗದಲ್ಲಿ ಇನ್ನೊಂದು ಸಂಸಾರ ಇಟ್ಟನೇ? ಊಟಕ್ಕೆ ಕೂತಾಗ ಅವನ ಮುಖವನ್ನೇ ನೋಡುತ್ತಿದ್ದೆ. ಅವನು ನನ್ನ ಕಡೆ ತಿರುಗುತ್ತಲೇ ಇರಲಿಲ್ಲ.

ಮುಂದಿನ ಸಂತೆಯ ದಿನ ಊರೇ ಮಂಡಿಗೆ ಬಂತು. ಮುಂದೆ ಚಾಚಾ, ಹಿಂದೆ ಅಡಿಕೆ ತಂದ ರೈತರು, ಅವರ ಹಿಂದೆ ಆಟಗಾರರು.

“ಲೆಕ್ಕ ಕೊಡ್ರಿ ಸಾವ್ಕಾರ್ರೆ” ಅಂದ ಚಾಚಾ. “ಇಷ್ಟು ವರ್ಷ ಹಿಡಿ ಹಿಡಿ ಹಾಕೀವಿ. ಚೆಂಡಿಗೆ ತೇಪೆ ಮೇಲೆ ತೇಪೆ. ಚೆಂಡಿನ ಅಡಿಕೆ ಎಲ್ಲಿಗೆ ಹೋತು? ಮಗಳ ಮದುವೆಗೆ ಬಂಗಾರ ಆತಾ?”

ಅಪ್ಪ ತಕ್ಕಡಿಯ ಸರಪಳಿ ಹಿಡಿದುಕೊಂಡು ನಿಂತಿದ್ದ. ಹಿಂದಿನಿಂದ ಯಾರೋ “ಕಳ್ಳ” ಅಂದರು. ನಾನು ಒಳಬಾಗಿಲಲ್ಲಿ ನಿಂತು, ಬಂಗಾರವಂತೆ ಬಂಗಾರ, ಮನೆಯಲ್ಲಿ ಒಂದು ಚಿನ್ನದ ಗುಂಡೂ ಇಲ್ಲ, ಅಂದುಕೊಳ್ಳುತ್ತ ಆಟಗಾರರ ಕಾಲು ನೋಡಿದೆ. ಅಷ್ಟೂ ಜನರ ಕಾಲಲ್ಲಿ ಬೂಟು. ಬುಟ್ಟಿಯ ಅಡಿಕೆ ಬಸ್ಸಿನ ಖರ್ಚಿಗೇ ಸಾಲದೆಂದು ಅಪ್ಪ ಎಷ್ಟೋ ಸಲ ಗೊಣಗಿದ್ದ. ಯುದ್ಧದ ಕಾಲದಲ್ಲಿ, ಬೆಂಗಳೂರಿನಿಂದ ತರಿಸಿದ ಇಷ್ಟು ಜೋಡಿ ಚರ್ಮದ ಬೂಟು! ಯಾವ ಹಿಡಿ ಅಡಿಕೆಯಿಂದ ಬಂತು?

ಸೆರಗು ಹೊದ್ದುಕೊಂಡು ಹೊರಗೆ ಬಂದುಬಿಟ್ಟೆ. ವ್ಯಾಪಾರದ ಹೊತ್ತಿನಲ್ಲಿ ಮಂಡಿಗೆ ನಾನು ಕಾಲಿಟ್ಟದ್ದು ಅದೇ ಮೊದಲು.

“ಚಾಚಾ, ನಿಮ್ಮ ಹುಡುಗ್ರ ಕಾಲಾಗಿರೋದು ನಮ್ಮಜ್ಜಿ ಡಾಬು” ಅಂದೆ. “ಬೇಕಾದ್ರೆ ಅಪ್ಪನ್ನ ಕೇಳ್ರಿ.”

ಯಾರೂ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ, ಅಪ್ಪನ ತಲೆ ಅಷ್ಟು ತಗ್ಗಿತ್ತು. ಡಾಬು ಮಾರಿದ ಗುಟ್ಟನ್ನು ನನ್ನ, ಅವ್ವನ ಎದುರು ಬಿಡುವುದಕ್ಕಿಂತ ಊರಿನವರ ಬಾಯಲ್ಲಿ ಕಳ್ಳನಾಗುವುದೇ ಮೇಲೆಂದು ಸುಮ್ಮನೆ ನಿಂತಿದ್ದ. ಅವನನ್ನು ಅಪ್ಪಿಕೊಳ್ಳಬೇಕೋ ಕಪಾಳಕ್ಕೆ ಹೊಡೆಯಬೇಕೋ ನನಗೆ ತಿಳಿಯಲಿಲ್ಲ.

ಚಾಚಾ ಟೋಪಿ ತೆಗೆದು ಕೈಯಲ್ಲಿ ಹಿಡಿದ. “ತಪ್ಪಾತು ಬೇಟಿ” ಅಂದ. ಆಮೇಲೆ ಅಲ್ಲೇ ನಿಂತು ರೈತರೆಲ್ಲ ಒಂದು ಮಾತಿಗೆ ಬಂದರು. ಈ ಸುಗ್ಗಿಗೆ ಚೀಲಕ್ಕೆ ಎರಡು ಹಿಡಿ, ಬೇರೆ ಬುಟ್ಟಿ, ಅದರ ದುಡ್ಡು ಡಾಬಿಗೆ. ಒಂದು ಸುಗ್ಗಿಗೆ ಆಗದಿದ್ದರೆ ಮುಂದಿನ ಸುಗ್ಗಿಗೂ ಹಾಕೋಣ ಅಂದರು. ಅಪ್ಪನನ್ನು ಕಳ್ಳ ಅಂದವರೇ ಹೆಚ್ಚು ಹಾಕಿದರೆಂದು ಕಾಣುತ್ತದೆ, ಬುಟ್ಟಿ ತುಂಬಿ ತುಂಬಿ ಚೀಲಕ್ಕೆ ಸುರಿಯಬೇಕಾಯಿತು.

ಅಷ್ಟರಲ್ಲಿ ಹೊನ್ನಾಳಿಯಿಂದ ಸಂಬಂಧ ಬೇಡವೆಂದು ಕಾಗದ ಬಂತು. ಅಪ್ಪ ಟೀಮೂ ಬಿಡಲಿಲ್ಲ, ಬಂಗಾರವೂ ಇಲ್ಲ ಅಂದಮೇಲೆ ಅವರಿಗೆ ನನ್ನಲ್ಲಿ ಏನು ಕಂಡೀತು? ಅವ್ವ ಎರಡು ದಿನ ಒಲೆ ಹಚ್ಚಲಿಲ್ಲ. ಅಪ್ಪ ಕಾಗದ ಮಡಚಿ ತೊಲೆಯ ಸಂದಿಗೆ ಸಿಕ್ಕಿಸಿ, “ಹೋದ್ರೆ ಹೋಗ್ಲಿ ಬಿಡು, ಅವರ ಸೆಂಟರ್ ಫಾರ್ವರ್ಡ್ ಕಾಲೇ ಸರಿ ಇಲ್ಲ” ಅಂದ. ನನ್ನ ಸಮಾಧಾನಕ್ಕೆ ಹಾಗಂದ ಅಂದುಕೊಂಡೆ.

ಸುಗ್ಗಿ ಮುಗಿಯಿತು. ಡಾಬಿನ ಅಡಿಕೆ ಮಾರಿದ ದುಡ್ಡು ಸೊಂಟಕ್ಕೆ ಕಟ್ಟಿಕೊಂಡು ಅಪ್ಪ ದಾವಣಗೆರೆಯ ಅಕ್ಕಸಾಲಿಯ ಹತ್ತಿರ ಹೊರಟ. ನಾನೂ ಬರುತ್ತೇನೆ ಅಂದೆ, ಬೇಡ ಅಂದ. ಅವ್ವನನ್ನಾದರೂ ಕರೆದುಕೊಂಡು ಹೋಗು ಅಂದೆ, ಬಸ್ಸಿನಲ್ಲಿ ಜಾಗ ಇರುವುದಿಲ್ಲ ಅಂದ. ನನಗೆ ಅವತ್ತೇ ಮತ್ತೆ ಅನುಮಾನ ಬಂತು. ಅವ್ವನಿಗೆ ಹೇಳಿದರೆ, “ನಿನ್ನ ಅನುಮಾನಕ್ಕೆ ಬೆಂಕಿ ಹಾಕ, ಹೆತ್ತ ಅಪ್ಪ ಕಣೇ” ಅಂತ ನನಗೇ ಬೈದಳು. ಸಂಜೆ ದೇವರ ಮುಂದೆ ದೀಪ ಹಚ್ಚಿ, ಬಂಗಾರ ಇಡಲು ಬಾಳೆಲೆ ಹಾಸಿ ಕೂತಳು.

ಅಪ್ಪ ಬಂದ. ಹೆಗಲ ಮೇಲೆ ಹೊಸ ಅಂಗಿ ಚಡ್ಡಿಗಳ ಗಂಟು, ಕಂಕುಳಲ್ಲಿ ಹೊಸ ಚೆಂಡು. ದಾರಿಯ ಸೈಕಲ್ ಅಂಗಡಿಯಲ್ಲೇ ಗಾಳಿ ತುಂಬಿಸಿಕೊಂಡು ಬಂದಿದ್ದ.

“ಯುದ್ಧ ಐತೆ ನೋಡು” ಅಂದ, ಮುಖವೆಲ್ಲ ನಗು. “ಈಗ ಬಿಟ್ರೆ ಚೆಂಡು ಸಿಗಾದಿಲ್ಲ. ಬಂಗಾರ ಯಾವಾಗ ಬೇಕಾದ್ರೂ ಸಿಗ್ತೈತೆ. ಮುಂದಿನ ಸುಗ್ಗಿಗೆ ಮಾಡಿಸಾನ.”

ಜನ ನನಗೆಂದು ಹಾಕಿದ ಅಡಿಕೆ ಅದು. ಅವ್ವ ಎದ್ದು ಒಳಗೆ ಹೋಗಿ ಈಳಿಗೆಮಣೆ ತಂದು ದೇವರ ಮುಂದೆಯೇ ಹಾಕಿಕೊಂಡು ಕೂತಳು.

“ಕೊಡ್ರಿ ಇಲ್ಲಿ, ನೋಡಾನ” ಅಂತ ಕೈ ಚಾಚಿದಳು.

ಅಪ್ಪ ಖುಷಿಯಿಂದಲೇ ಕೊಟ್ಟ. ಅವ್ವ ಚೆಂಡಿನ ಹೊಲಿಗೆಯನ್ನು ಈಳಿಗೆಗೆ ಇಟ್ಟು, ಕುಂಬಳಕಾಯಿ ಹೆಚ್ಚುವ ಹಾಗೆ ಎರಡೂ ಕೈಯಿಂದ ಒತ್ತಿದಳು. ಗಾಳಿಯೆಲ್ಲ ಒಮ್ಮೆಲೇ ಹೊರಗೆ ನುಗ್ಗಿ ದೀಪ ಆರಿತು.

ಅಪ್ಪ ನೆಲಕ್ಕೆ ಕುಸಿದು ಕೂತು, ಆ ಚರ್ಮದ ಹೋಳುಗಳನ್ನು ಮಡಿಲಲ್ಲಿಟ್ಟುಕೊಂಡು ಗೊಳೋ ಅಂತ ಅತ್ತ. ಹೊನ್ನಾಳಿಯ ಕಾಗದ ಬಂದ ದಿನ ಅವನ ಕಣ್ಣಲ್ಲಿ ಒಂದು ಹನಿ ಇರಲಿಲ್ಲ.