ಗರುಡನ ಗೂಡಿದ್ದ ಕೊಂಬೆ

ನಾನು ಬಸ್ಸಿನಿಂದ ಇಳಿಯುವಷ್ಟರಲ್ಲಿ ಲೈನ್‌ಮನ್ ಏಣಿ ಹಾಕಿ ಅರಳಿಮರ ಹತ್ತುತ್ತಿದ್ದ. ಕೈಯಲ್ಲಿ ಮಚ್ಚು. ಮೇಲೆ ಗರುಡ ಸುತ್ತುತ್ತಾ ಕಿರುಚುತ್ತಿತ್ತು.

ರಸ್ತೆ ಕಡೆಯ ಕೊಂಬೆಯಲ್ಲಿ ಅದರ ಗೂಡು. ಗೂಡಿನಲ್ಲಿ ಒಂದು ಮರಿ, ಇನ್ನೂ ಹಾರಲು ಬಾರದ್ದು.

ನಾನು ಭಾರತೀನಗರದ ಒಂದು ಕಾಲೇಜಿನಲ್ಲಿ ಲ್ಯಾಬ್ ಅಸಿಸ್ಟೆಂಟ್. ಹಕ್ಕಿ ನೋಡುವ ಹುಚ್ಚಿರುವ ನಾಲ್ಕೈದು ಗೆಳತಿಯರು ಗೂಡುಗಳನ್ನು ಹಂಚಿಕೊಂಡು ಕಾಯುತ್ತೇವೆ. ಕೆರೆ ಪಕ್ಕದ ಈ ಗೂಡು ನನ್ನ ಪಾಲಿಗೆ ಬಂದಿತ್ತು.

ಮೊಟ್ಟೆ ಇಟ್ಟಾಗಿನಿಂದ ದಿನಾ ಸಂಜೆ ಇಲ್ಲಿ ಇಳಿಯುವುದು, ಒಂದು ಗಂಟೆ ಕೂರುವುದು, ಮುಂದಿನ ಬಸ್ಸಿಗೆ ಹೋಗುವುದು. ಬಿಸಿಲು, ಧೂಳು, ಕಬ್ಬಿನ ಲಾರಿ... ಮನೆಗೆ ಹೋದರೆ ಅಡುಗೆ ಕಾಯುತ್ತಿರುತ್ತದೆ.

ಮೊದಲು ಎರಡು ಮರಿ ಇದ್ದವು. ಹೋದ ವಾರದ ಗಾಳಿಮಳೆಗೆ ಒಂದು ಕೆಳಗೆ ಬಿತ್ತು. ನಾನು ಬರುವ ಹೊತ್ತಿಗೆ ಇರುವೆ ಮುತ್ತಿದ್ದವು.

ಅದೇ ಗಾಳಿಗೆ ಕೊಂಬೆಯ ತುದಿ ಕರೆಂಟು ತಂತಿಗೆ ತಾಗಿ ಲೈನ್ ಟ್ರಿಪ್ ಆಗಿ ಕರೆಂಟು ಹೋಯಿತು. ಆಮೇಲೆ ಗಾಳಿ ಬೀಸಿದಾಗಲೆಲ್ಲ ಅದೇ ಕತೆ. ಪಕ್ಕದ ಜಮೀನಿನ ಪುಟ್ಟತಾಯಮ್ಮನ ಮೋಟಾರು ವಾರದಿಂದ ಸರಿಯಾಗಿ ಓಡಿರಲಿಲ್ಲ.

ಕಂಪ್ಲೇಂಟ್ ಕೊಟ್ಟವರು ಅವರೇ. ಮರದ ಕೆಳಗೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು.

"ಅಮ್ಮಾ, ಇನ್ನೊಂದು ಹದಿನೈದು ದಿನ. ಮರಿ ಹಾರಿದ ಮೇಲೆ ಕಡಿಸಿ, ನಾನು ಬೇಡ ಅನ್ನಲ್ಲ" ಅಂದೆ.

"ನಿನ್ನ ಹಕ್ಕಿಗೆ ರೆಕ್ಕೆ ಬರೋಗಂಟ ನನ್ನ ಕಬ್ಬು ಒಣಗ್ಬೇಕೇನವ್ವ?"

ಕಬ್ಬಿನ ಗರಿ ಬಾಡಿದ್ದು ನನಗೂ ಕಾಣುತ್ತಿತ್ತು. ಆದರೂ "ದೇವರ ಹಕ್ಕಿ ಅಲ್ವಾ" ಅಂದೆ.

"ಗರುಡನ್ಗೆ ನಾನೂ ಕೈ ಮುಗಿತೀನಿ. ಅವ್ನು ಬಂದು ನೀರು ಕಟ್ಟಾನಾ?"

ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಅಳು ಬಂತು ಅಂತಲ್ಲ. ವಾದ ಮಾಡುವ ಶಕ್ತಿ ಇರಲಿಲ್ಲ, ಅಷ್ಟೆ.

ಪುಟ್ಟತಾಯಮ್ಮ ನನ್ನನ್ನೇ ನೋಡಿದರು. "ಆವತ್ತು ಒಂದು ಮರಿ ಬಿದ್ದೋಯ್ತಲ್ಲ, ಅದ್ನ ಮಣ್ಣು ಮಾಡ್ದೋಳು ನೀನೇಯಾ?"

ಹೂಂ ಅಂದೆ.

ಅವರು ಲೈನ್‌ಮನ್ ಕಡೆ ತಿರುಗಿದರು. "ಲೇ ಮಗ, ತಂತಿಗೆ ತಾಗೋ ತುದಿ ಅಷ್ಟೇ ಕಡೀಲಾ. ಬುಡ ಮುಟ್ಬ್ಯಾಡ."

"ಆಮೇಲೆ ಮತ್ತೆ ಟ್ರಿಪ್ ಆದ್ರೆ ನನ್ನ ಕರೀಬ್ಯಾಡಿ" ಎಂದು ಅವನು ಗೊಣಗಿದ. ಆದರೂ ತುದಿಗೆ ಹಗ್ಗ ಕಟ್ಟಿ ಕಡಿದು, ಗೂಡು ಅಲ್ಲಾಡದ ಹಾಗೆ ಮೆಲ್ಲಗೆ ಇಳಿಸಿದ. ಗರುಡ ಎರಡು ಸಲ ಅವನ ಹೆಲ್ಮೆಟ್ ಮೇಲೆ ಎರಗಿ, ಕೆರೆಯಾಚೆ ಹೋಗಿ ಕೂತಿತು.

ವಾಪಸ್ ಬರುತ್ತೋ ಇಲ್ಲವೋ... ಎರಡು ಬಸ್ಸು ಬಿಟ್ಟೆ.

ಬಿಸಿಲು ಇಳಿದ ಮೇಲೆ ಕಾಲಲ್ಲಿ ಮೀನು ಹಿಡಿದು ಬಂತು. ತಾಯಿಯೋ ತಂದೆಯೋ, ನೋಡಲು ಎರಡೂ ಒಂದೇ ಥರ. ಆಗಲೇ ನಾನು ಎದ್ದದ್ದು.

ಎರಡನೇ ವಾರ ನನಗೆ ಪರೀಕ್ಷೆ ಡ್ಯೂಟಿ ಬಿತ್ತು. ಮೂರು ದಿನ ಅಲ್ಲಿ ಇಳಿಯಲಾಗಲಿಲ್ಲ. ನಾಲ್ಕನೇ ದಿನ ಹೋಗಿ ನೋಡಿದರೆ ಗೂಡು ಖಾಲಿ.

ಪೊದೆಯೊಳಗೆಲ್ಲ ಹುಡುಕುತ್ತಿದ್ದೇನೆ. ಇರುವೆ ಸಾಲು ಕಂಡರೆ ಸಾಕು, ಅದು ಹೋಗುವ ಕಡೆಯೇ ಬಗ್ಗಿ ನೋಡುತ್ತೇನೆ...

ಹುಲ್ಲಿನ ಹೊರೆ ಹೊತ್ತು ಪುಟ್ಟತಾಯಮ್ಮ ಬಂದರು.

"ಅಲ್ಯಾಕವ್ವ ಹುಡುಕ್ತೀಯ? ನೆನ್ನೆ ಒತ್ತಾರೆನೇ ಹಾರೋಯ್ತು. ಕೊಂಬೆ ಮ್ಯಾಲೆ ನಿಂತ್ಕಂಡು ರೆಕ್ಕೆ ಬಡೀತು, ಬಡೀತು... ಬೀಳ್ತದೆ ಅಂದ್ಕಂಡೆ, ಬೀಳ್ನಿಲ್ಲ ಕಣವ್ವ. ನಾನು ನೀರು ಕಟ್ಟೋದ ಬುಟ್ಟು ನೋಡ್ತಾ ನಿಂತಿದ್ದೆ."

ತಮ್ಮ ತೆಂಗಿನ ಮರದ ಕಡೆ ಕೈ ತೋರಿಸಿದರು. ಗರಿಗಳ ನಡುವೆ ಕಂದು ಬಣ್ಣದ ಮರಿ ಕೂತಿತ್ತು. ಇಬ್ಬರೂ ಸ್ವಲ್ಪ ಹೊತ್ತು ನೋಡಿದೆವು.

ಅಷ್ಟು ದಿನ ಕಾದ ನನಗೆ ಅದರ ಮೊದಲ ಹಾರಾಟ ಕಾಣಲಿಲ್ಲ. ಅವರಿಗೆ ಕಂಡಿತು. ಇರಲಿ, ಯಾರಾದರೂ ನೋಡಿದರಲ್ಲ.

"ಗಾಳಿ ಬಂದ್ರೆ ಕೊಂಬೆ ಇನ್ನೂ ತಂತಿಗೆ ತಾಗ್ತದೆ, ನಾಳೀಕೆ ಕಡಿಸ್ತೀನಿ, ಆಯ್ತಾ?" ಅಂದರು. ನನ್ನನ್ನು ಕೇಳಬೇಕಾಗಿರಲಿಲ್ಲ, ಆದರೂ ಕೇಳಿದರು.

ಗರುಡಗಳು ಮುಂದಿನ ವರ್ಷವೂ ಅದೇ ಗೂಡು ಹುಡುಕಿಕೊಂಡು ಬರುತ್ತವೆ. ಗೊತ್ತಿದ್ದೂ ಆಯ್ತು ಅಂದೆ.

ಇವತ್ತು ಆ ಮರ ದಾಟುವಾಗ, ಕಡಿದ ಕೊಂಬೆ ಕಾಣದಿರಲಿ ಅಂತ, ಬಸ್ಸಿನಲ್ಲಿ ಇನ್ನೊಂದು ಕಡೆಯ ಸೀಟಿನಲ್ಲಿ ಕೂತಿದ್ದೆ.

ಕೊಟ್ಟ ಮಾತು ಉಳಿಸಿಕೊಂಡೂ ಮನಸ್ಸು ಇಷ್ಟು ಭಾರವಾದದ್ದು ನಿಮಗೆ ಯಾವಾಗಲಾದರೂ ಆಗಿದೆಯಾ?