ಹಾಜರಿ ಪುಸ್ತಕಕ್ಕೆ ಸಿಗದ ಟೇಲರ್

ಎರಡು ವಾರದ ಹಿಂದೆ, ಭಾನುವಾರ ಸಂಜೆ ಐದಕ್ಕೆ ಸರಿಯಾಗಿ, ಮುಂಬಯಿಯ ಚೆಂಬೂರಿನ ನಮ್ಮ ಕನ್ನಡ ಸಂಘ ಏಡ್ಸ್ ರೋಗವನ್ನು ಸೋಲಿಸಿತು. ಐದೂ ಐವತ್ತಕ್ಕೆ ಉಪ್ಪಿಟ್ಟು.

ನಗಬೇಡಿ. ಕಾರ್ಯದರ್ಶಿ ನಾನೇ. ಸಭೆ ಎಂದರೆ ಗೋಡೆ ಗಡಿಯಾರ, ಸಾಲು ಕುರ್ಚಿ, ಬಾಗಿಲಲ್ಲಿ ಹಾಜರಿ ಪುಸ್ತಕ. ಹೆಸರು, ಬಿಲ್ಡಿಂಗ್, ರೂಮ್ ನಂಬರ್, ಸಹಿ. ಹದಿನೇಳು ವರ್ಷಗಳಿಂದ ಸಹಿ ಮಾಡದೆ ಒಬ್ಬರೂ ಒಳಗೆ ಕೂತಿಲ್ಲ. (ಒಮ್ಮೆ ನನ್ನ ಹೆಂಡತಿ ಕೂತಿದ್ದಳು. ಎಬ್ಬಿಸಿ ಕರೆತಂದು ಸಹಿ ಹಾಕಿಸಿದೆ.)

ಬಂದವರು ಡಾಕ್ಟರ್ ವಸುಧಾ. ಈ ರೋಗ ಹರಡದಂತೆ ತಡೆಯುವುದು ಹೇಗೆಂದು ಸಂಶೋಧನೆ ಮಾಡುತ್ತಿದ್ದಾರೆ. ಸಂಸಾರವನ್ನು ಊರಲ್ಲಿ ಬಿಟ್ಟು, ಇಲ್ಲಿ ಒಂದು ಖೋಲಿಯಲ್ಲಿ ಹತ್ತು ಹನ್ನೆರಡು ಜನ ಮಲಗುವ ನಮ್ಮ ಕಡೆಯ ಗಂಡಸರನ್ನು ಮಾತಾಡಿಸಬೇಕಂತೆ.

"ಹತ್ತು ಪ್ರಶ್ನೆ ಬರೆದು ತಂದಿದ್ದೀನಿ. ಏನು ಕೇಳಬೇಕು, ಹೇಗೆ ಕೇಳಬೇಕು, ನೀವೇ ತಿದ್ದಿಕೊಡಿ. ನಿಮ್ಮ ಜನ, ನಿಮಗೇ ಗೊತ್ತು," ಎಂದರು.

ತಿದ್ದುವುದೆಂದರೆ ನಮಗೆ ಹೇಳಿಕೊಡಬೇಕೆ? ಅಧ್ಯಕ್ಷ ಶೇಷಗಿರಿರಾಯರು ಕೆಂಪು ಪೆನ್ನು ತೆಗೆದರು.

"ನಾಲ್ಕನೇದು ಅಸಭ್ಯ. ಐದು, ಛೆ! ಆರನ್ನಂತೂ ಲೇಡೀಸ್ ಎದುರು ಓದೋಕ್ಕೂ ಆಗಲ್ಲ."

"ಸರ್, ರೋಗ ಹರಡೋದೇ ಆರನೇದರಿಂದ."

"ಇರಬಹುದಮ್ಮ. ಆದರೆ ನಮ್ಮವರಲ್ಲಿ ಅದೆಲ್ಲ ಇಲ್ಲ."

ಏಳರಿಂದ ಹತ್ತನ್ನು ಓದದೆಯೇ ಹೊಡೆದುಹಾಕಿದರು. ಉಳಿದದ್ದು ಹೆಸರು, ವಯಸ್ಸು, ಸ್ವಂತ ಊರು. ತೀರಾ ಬೋಳಾಯಿತೆಂದು ಒಂದನ್ನು ರಾಯರೇ ಸೇರಿಸಿದರು: ಹೊರಗಡೆ ಊಟ ಮಾಡುತ್ತೀರಾ?

ಖೋಲಿಯ ಗಂಡಸರು ಬಂದಿದ್ದರೇ? ಬಂದಿದ್ದ, ಒಬ್ಬ. ನನ್ನ ಪ್ಯಾಂಟು ಹೊಲಿಯುವ ರಾಜಾಸಾಬ, ವಿಜಾಪುರದ ಕಡೆಯವನು. (ಹೆಸರು, ಊರು ಎರಡನ್ನೂ ಬದಲಿಸಿದ್ದೇನೆ. ಇಷ್ಟಾದರೂ ಕಲಿತೆ.) ಬಾಗಿಲಲ್ಲಿ ಪೆನ್ನು ಕೊಟ್ಟೆ. ಪುಸ್ತಕ ನೋಡಿದ. ನನ್ನ ಮುಖ ನೋಡಿದ.

"ನನಗ ಬರೀಲಿಕ್ಕೆ ಬರಂಗಿಲ್ರಿ, ಸಾಹೇಬ್ರ," ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ನನ್ನ ಸೊಂಟದ ಸುತ್ತಳತೆಯನ್ನು ಮುತ್ತಿನಂಥ ಕನ್ನಡದಲ್ಲಿ ಬರೆದಿಟ್ಟುಕೊಳ್ಳುವ ಆಸಾಮಿ!

ಮಂಗಳವಾರ ಅಂಗಡಿಗೆ ಹೋಗಿ ದಬಾಯಿಸಿದೆ: "ಏನಯ್ಯಾ, ಬರೆಯೋಕೆ ಬರಲ್ವಾ ನಿಂಗೆ?"

ಮಷಿನ್ ನಿಲ್ಲಿಸಿದ. "ಹೆಸರು, ಖೋಲಿ ನಂಬರ ಎಲ್ಲಾ ಬರದು ಆಮ್ಯಾಲ ಆ ಬ್ಯಾನಿ ಬಗ್ಗೆ ಕೇಳು ಅಂದ್ರ ಯಾರ ಕೇಳ್ತಾರ್ರಿ? ನೀವಾದ್ರೂ ಕೇಳ್ತಿದ್ರೇನು?"

ನಾನು ಪ್ಯಾಂಟಿನ ಗುಂಡಿ ಪರೀಕ್ಷಿಸಿದೆ.

ಆಮೇಲೆ ದನಿ ತಗ್ಗಿಸಿ ಹೇಳಿದ. ಅವನ ಖೋಲಿಯ ಒಬ್ಬನಿಗೆ ಆರು ವಾರದಿಂದ ಜ್ವರ. ಮೈ ಇಳಿದುಹೋಗಿದೆ. ಇದು ಅದೇ ರೋಗ ಎಂದು ಉಳಿದವರು ತಾವೇ ತೀರ್ಮಾನಿಸಿ ಅವನ ಟ್ರಂಕನ್ನು ಪ್ಯಾಸೇಜಿನಲ್ಲಿಟ್ಟಿದ್ದಾರೆ. ಭಾನುವಾರದೊಳಗೆ ಜಾಗ ಖಾಲಿ ಮಾಡಬೇಕು.

"ಒಂದ ತಾಟಿನ್ಯಾಗ ಉಂಡ್ರ ಬರ್ತದೇನ್ರಿ? ಇಷ್ಟ ಕೇಳಲಿಕ್ಕೆ ಬಂದಿದ್ನಿರಿ ಅವತ್ತ."

ಬರುವುದಿಲ್ಲ. ಡಾಕ್ಟರ್ ಅದನ್ನು ಎರಡು ಸಲ ಹೇಳಿದ್ದರು. ಯಾರಿಗೆ? ಸ್ವಂತ ಹೆಂಡತಿಯ ತಟ್ಟೆಗೂ ಕೈ ಹಾಕದ ನಲವತ್ತೊಂದು ಗೃಹಸ್ಥರಿಗೆ.

"ನಾನೇ ಬಂದು ನಿಮ್ಮವರಿಗೆ ಹೇಳ್ತೀನಿ," ಎಂದೆ.

"ನೀವು ಬ್ಯಾಡ್ರಿ. ಡಾಕ್ಟರಮ್ಮನ್ನ ಇಲ್ಲಿಗಿ ಕಳಸ್ರಿ. ಶನಿವಾರ ಅರ್ಧಾ ಶಟರ್ ಎಳದು ಕುಂದರ್ತೀವಿ. ಏನು ಕೇಳಬೇಕಂತ ನಾವ ಹೇಳಿಕೊಡ್ತೀವಿ ಅಕಿಗೆ."

"ಒಂದು ಮೂಲೇಲಿ ಇರ್ತೀನಪ್ಪ, ಅಷ್ಟೇ."

"ಪ್ಯಾಂಟ್ ಸೋಮವಾರ ಒಯ್ರಿ, ಸಾಹೇಬ್ರ."

ಶನಿವಾರ ಡಾಕ್ಟರ್ ಹೋದರು. ನಾನು ಮನೆಯಲ್ಲಿ ಗಡಿಯಾರಕ್ಕೆ ಕೀ ಕೊಟ್ಟೆ.

ಸೋಮವಾರ ಕೇಳಿದೆ: "ಎಷ್ಟು ಜನ ಸೇರಿದ್ರು?"

"ಎಣಿಸಿಲ್ರಿ."

ಟ್ರಂಕು ಒಳಗೆ ಬಂದಿದೆಯಂತೆ. ಜ್ವರದವನು ಡಾಕ್ಟರಮ್ಮನ ಜೊತೆ ತಪಾಸಣೆಗೆ ಹೋದನಂತೆ. ರಾಯರು ಹೊಡೆದುಹಾಕಿದ ಆರನೆಯ ಪ್ರಶ್ನೆಗೆ ಬದಲು ಖೋಲಿಯವರು ಹೇಳಿಕೊಟ್ಟ ಪ್ರಶ್ನೆಗಳೇ ಒಂದು ಡಜನ್ ಆದವಂತೆ.

ಎಲ್ಲ ಸರಿ. ಆದರೆ ಒಂದೇ ಒಂದು ಸಹಿಯೂ ಇಲ್ಲದ ಅದನ್ನು ಸಭೆ ಎಂದು ನಾನು ಹೇಗೆ ಒಪ್ಪಲಿ, ನೀವೇ ಹೇಳಿ?